ಬಣ್ಣ ಹಿಡಿಯದ ಮೂವತ್ತನಾಲ್ಕು ಅಂಗಿ

ಆ ಶನಿವಾರ ಬೆಳಿಗ್ಗೆ ಚಳಿ ಮೂಳೆಗಿಳಿಯುವಂತಿತ್ತು. ರಾತ್ರಿಯೆಲ್ಲ ಬೀಸಿದ ಗಾಳಿ ನಸುಕಿಗೆ ನಿಂತು, ಅದರ ಜಾಗದಲ್ಲಿ ಮಂಜು ಬಂದು ಕೂತಿತ್ತು. ಎದುರು ಮನೆಯ ಮೆಟ್ಟಿಲೂ ಕಾಣುತ್ತಿರಲಿಲ್ಲ. ಹಾಲಿನವನ ಸೈಕಲ್ ಗಂಟೆ ಮಾತ್ರ ಎಲ್ಲಿಂದಲೋ ಬಂದು ಎಲ್ಲಿಗೋ ಹೋಯಿತು. ಹಿತ್ತಲಿನ ನಲ್ಲಿ ತಿರುಗಿಸಿದ ಬಣ್ಣದಜ್ಜ ನೀರಿಗೆ ಕೈಯೊಡ್ಡಿದವನು ಥಟ್ಟನೆ ಹಿಂದಕ್ಕೆಳೆದುಕೊಂಡ. ಹತ್ತು ಸೂಜಿ ಒಟ್ಟಿಗೆ ಚುಚ್ಚಿದಂತಾಯಿತು.

“ಈ ನೀರಲ್ಲಿ ಬಣ್ಣ ಹೇಗಪ್ಪಾ ಅರಳುತ್ತೆ?” ಎಂದು ತನ್ನನ್ನೇ ಕೇಳಿಕೊಂಡ.

ನಲವತ್ತೊಂದು ವರ್ಷ ಬಟ್ಟೆ ಗಿರಣಿಯ ಬಣ್ಣದ ಮನೆಯಲ್ಲಿ ದುಡಿದವನು ಅವನು. ಹಬೆಯೊಳಗೆ ನಿಂತು, ಹಂಡೆಯ ನೀರನ್ನು ಕಣ್ಣಿನಲ್ಲೇ ಅಳೆದು, ಬಣ್ಣ ಇನ್ನೆಷ್ಟು ಬೇಕು ಎಂದು ಹೇಳುತ್ತಿದ್ದವನು. ಗಿರಣಿಗೆ ಬೀಗ ಬಿದ್ದು ಒಂಬತ್ತು ವರ್ಷವಾಗಿತ್ತು. ಆಮೇಲಿನ ದಿನಗಳಲ್ಲಿ ಅವನ ಕೆಲಸವೆಂದರೆ ಬೆಳಿಗ್ಗೆ ಪ್ರಾರ್ಥನೆಗೆ ಕೂರುವುದು, ಬ್ರೆಡ್ಡು ತರುವುದು, ಮನೆಯಲ್ಲಿ ಯಾರ ಕಾಲಿಗೂ ಅಡ್ಡ ಬರದಂತೆ ಮೂಲೆ ಹಿಡಿಯುವುದು. ಬೀದಿಯವರು ಇಟ್ಟ ಹೆಸರೊಂದು ಉಳಿದಿತ್ತು. ಬಣ್ಣ ಉಳಿದಿರಲಿಲ್ಲ.

ಅದನ್ನು ಮರಳಿ ತಂದವಳು ಸೊಸೆ. ಆಫೀಸಿನಲ್ಲಿ ಟೈಪು ಮಾಡುತ್ತಿದ್ದವಳಿಗೆ ನಾಳೆಯಿಂದ ಬರಬೇಡಿ ಎಂದಿದ್ದರು. ಒಂದು ತಿಂಗಳು ತಲೆಯ ಮೇಲೆ ಕೈಹೊತ್ತು ಕೂತವಳು, ಒಂದು ದಿನ ಅಂಗಡಿಯಿಂದ ಪುಸ್ತಕದಷ್ಟು ದೊಡ್ಡ ಡಬ್ಬಿಯೊಂದನ್ನು ತಂದಳು. ಒಳಗೆ ಮೂರು ಪುಟ್ಟ ಬಾಟಲಿ, ಬಾಟಲಿಯ ತಳದಲ್ಲಿ ಬಣ್ಣದ ಪುಡಿ, ಬಣ್ಣವನ್ನು ಬಟ್ಟೆಗೆ ಕಚ್ಚಿಸಲು ಒಂದು ಪೊಟ್ಟಣ ಸೋಡಾ ಪುಡಿ, ಒಂದು ಹಿಡಿ ರಬ್ಬರ್ ಬ್ಯಾಂಡು, ಈರುಳ್ಳಿ ಸಿಪ್ಪೆಯಂಥ ಕೈಗವಸು, ಮಾಡುವ ಬಗೆ ತಿಳಿಸುವ, ಮಡಚಿಟ್ಟ ಚಿತ್ರದ ಕಾಗದ. ಬಿಳಿ ಬಟ್ಟೆಯನ್ನು ತಿರುಚಿ ಗಂಟು ಹಾಕಿ, ಗಂಟುಗಳ ನಡುವೆ ಬಣ್ಣ ಬಿಟ್ಟು, ಮಾರನೆಯ ದಿನ ಬಿಚ್ಚಿದರೆ ಸುಳಿ, ಚಕ್ರ, ನಕ್ಷತ್ರ. ಮೊದಲು ಎರಡು ದಿಂಬಿನ ಚೀಲಕ್ಕೆ ಹಾಕಿದಳು. ಚೆನ್ನಾಗಿ ಬಂತು. ಅದನ್ನು ಕಂಡ ಶಾಲೆಯ ದೊಡ್ಡ ಟೀಚರ್, ಆಟೋಟದ ದಿನಕ್ಕೆ ಚಿಕ್ಕ ತರಗತಿಯ ಮಕ್ಕಳಿಗೆ ಮೂವತ್ತನಾಲ್ಕು ಅಂಗಿ ಮಾಡಿಕೊಡಿ ಎಂದರು.

“ಆಗುತ್ತಾ ನಿಮ್ಮಿಂದ?” ಎಂದು ಅವರು ಕೇಳಿದಾಗ ಸೊಸೆ ಹೇಳಿದ್ದು ಇಷ್ಟು: “ನಮ್ಮ ಮಾವ ಇದ್ದಾರಲ್ಲ. ಬಣ್ಣದಲ್ಲಿ ನಲವತ್ತು ವರ್ಷ.”

ಬಾಗಿಲ ಮರೆಯಲ್ಲಿ ನಿಂತಿದ್ದ ಮುದುಕ ಆ ಮಾತನ್ನು ಕೇಳಿಸಿಕೊಂಡ. ಅಂದು ಊಟಕ್ಕೆ ಕೂತಾಗ ಬೆನ್ನು ನೆಟ್ಟಗಿತ್ತು.

ಅಂಗಿಗಳನ್ನು ಹೊಲಿದವಳು ಪಕ್ಕದ ಬೀದಿಯ ದರ್ಜಿ. ಎಲ್ಲರ ಬಾಯಲ್ಲೂ ಗುಂಡಿ ಅಕ್ಕ. ಮಾತಾಡುವಾಗಲೂ ತುಟಿಯ ಕೊನೆಯಲ್ಲಿ ಒಂದು ಗುಂಡಿ ಇಟ್ಟುಕೊಂಡಿರುವುದು ಅವಳ ಅಭ್ಯಾಸ. ಗಂಡ ತೀರಿಕೊಂಡ ಮೇಲೆ ಒಂದು ಮಿಷನ್ನು, ಒಂದು ಕತ್ತರಿ, ಶಾಲೆಯ ಸಮವಸ್ತ್ರದ ಕೆಲಸ ಇಷ್ಟರಲ್ಲೇ ಹದಿನಾಲ್ಕು ವರ್ಷ ನಡೆಸಿದ್ದಳು. ಅಪ್ಪಟ ಹತ್ತಿ ಬಟ್ಟೆ ಬೇಕು ಎಂದಿದ್ದಕ್ಕೆ ಸ್ವತಃ ಹೋಗಿ, ಸುರುಳಿ ಬಿಚ್ಚಿಸಿ ನೋಡಿ, ಎರಡು ತಾನು ಬಟ್ಟೆ ಆರಿಸಿ ತಂದಿದ್ದಳು.

ಆ ಶನಿವಾರ ಸೊಸೆ ಹನ್ನೆರಡು ಡಬ್ಬಿ ಒಡೆದು ಮೇಜಿನ ಮೇಲೆ ಸಾಲಾಗಿಟ್ಟು, ಇನ್ನಷ್ಟು ಪ್ಲಾಸ್ಟಿಕ್ ಹಾಳೆ ತರಲು ಅಂಗಡಿಗೆ ಹೋದಳು. “ಮಾವ, ನಾನು ಬಂದ ಮೇಲೆ ಬಣ್ಣ ಕಲಸೋಣ” ಎಂದು ಹೇಳಿಯೇ ಹೋಗಿದ್ದಳು. ಆದರೆ ಮುದುಕನ ಕೈ ಸುಮ್ಮನಿರಲಿಲ್ಲ. ಚಿತ್ರದ ಕಾಗದವನ್ನು ಎತ್ತಿ ನೋಡಿ, ಅಕ್ಷರ ಇರುವೆಯಷ್ಟಿವೆ ಎಂದು ಪಕ್ಕಕ್ಕಿಟ್ಟ. ಮಕ್ಕಳ ಆಟದ ಡಬ್ಬಿ ತನಗೇನು ಹೇಳಿಕೊಡುತ್ತದೆ? ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ನೀರು ಕುದಿಸಿದ. ಗಿರಣಿಯಲ್ಲಿ ಬಣ್ಣದ ಹಂಡೆಗೇ ಸೋಡಾ ಬೀಳುತ್ತಿತ್ತು. ಇಲ್ಲಿಯೂ ಹಾಗೆಯೇ ಒಂದೊಂದು ಬಾಟಲಿಗೆ ಒಂದೊಂದು ಚಮಚ ಸೋಡಾ ಹಾಕಿ, ಬಿಸಿನೀರು ಹೊಯ್ದು, ಮುಚ್ಚಳ ತಿರುಗಿಸಿ, ಕುಲುಕಿ ಸಾಲಾಗಿಟ್ಟ. ಮೂವತ್ತಾರು ಬಾಟಲಿ. ಮಂಜು ತುಂಬಿದ ಕಿಟಕಿಯ ಮುಂದೆ ಕೆಂಪು, ನೀಲಿ, ಹಳದಿ ಹೊಳೆದವು. ಮಿಕ್ಕ ಸೋಡಾವನ್ನು ಟಬ್ಬಿನ ನೀರಿಗೆ ಹಾಕಿ ಅಂಗಿ ನೆನೆಸಿದ. ಎಷ್ಟೋ ವರ್ಷದ ಮೇಲೆ ಅವನ ಬಾಯಲ್ಲಿ ದೇವರ ಹಾಡೊಂದು ತಾನಾಗಿ ಬಂತು.

ಸೊಸೆ ಬರುವಾಗ ಹನ್ನೊಂದು ದಾಟಿತ್ತು. ಬಾಟಲಿ ಆರಿ ತಣ್ಣಗಾಗಿದ್ದವು.

“ಅಯ್ಯೋ ಮಾವ, ಎಲ್ಲ ನೀವೇ ಮಾಡಿಬಿಟ್ರಾ! ನನ್ನ ಅರ್ಧ ಕೆಲಸ ಇಳೀತು.”

“ಇದೇನು ಮಹಾ ತಾಯಿ” ಎಂದ ಮುದುಕ.

ಆ ಮಧ್ಯಾಹ್ನವೇ ಇಬ್ಬರೂ ಅಂಗಿಗಳಿಗೆ ಗಂಟು ಹಾಕಿ ಬಣ್ಣ ಬಿಟ್ಟರು. ಭಾನುವಾರ ಗಂಟು ಬಿಚ್ಚಿ ತೊಳೆಯಲು ಕೂತರು. ಮೊದಲ ಬಕೆಟ್ಟು ಕೆಂಪಾಯಿತು, ಎರಡನೆಯದೂ. ಮೂರನೆಯ ಬಕೆಟ್ಟಿನಲ್ಲಿ ಅಂಗಿ ಮುಳುಗಿಸಿದಾಗ ಮುದುಕನ ಕೈ ನಿಂತಿತು. ಬಣ್ಣ ಬಟ್ಟೆಯನ್ನು ಹಿಡಿದೇ ಇಲ್ಲ. ಧೂಳಿನಂತೆ ಮೇಲೆ ಕೂತಿತ್ತು, ನೀರು ಕಂಡೊಡನೆ ಎದ್ದು ಹೋಗುತ್ತಿತ್ತು. ಗಿರಣಿಯಲ್ಲಿ ಹಂಡೆಗೆ ಸೋಡಾ ಬೀಳುವ ಹೊತ್ತಿಗೆ ಬಟ್ಟೆ ಒಳಗೇ ಇರುತ್ತಿತ್ತು. ಬಟ್ಟೆಯಿಲ್ಲದ ಬಣ್ಣಕ್ಕೆ ಸೋಡಾ ಹಾಕಿ ಕಾಯಿಸಿಟ್ಟರೆ ಗಂಟೆಯೊಳಗೆ ಅದು ಬರೀ ಬಣ್ಣದ ನೀರು. ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಅವನು ಹೇಳಿಕೊಡುತ್ತಿದ್ದ ಪಾಠ ಅದು. ತಾನು ನಾಲ್ಕು ಗಂಟೆ ಇಟ್ಟಿದ್ದ.

“ಮಾವ, ಇದೇನಿದು? ಏಳನೇ ಬಕೆಟ್ಟು. ಇನ್ನೂ ಹೋಗ್ತಾನೇ ಇದೆಯಲ್ಲ!”

“ಮೊದಮೊದಲು ಹೋಗುತ್ತೆ ತಾಯಿ.”

“ಮೊದಮೊದಲು ಮೊದಮೊದಲು ಅಂತ ಬೆಳಿಗ್ಗೆಯಿಂದ ಹೇಳ್ತಿದ್ದೀರಿ.”

ವ್ಯಾನು ಓಡಿಸುವ ಮಗ ಬಾಗಿಲಲ್ಲಿ ಇಣುಕಿದ. “ಅಪ್ಪಾ, ಇದು ಅಂಗಿಗೆ ಬಣ್ಣ ಹಾಕಿದ್ದೋ, ಬಚ್ಚಲಿಗೋ?”

ಹೆಂಡತಿ ನೋಡಿದ ನೋಟಕ್ಕೆ ಬಂದ ದಾರಿಯಲ್ಲೇ ಹೋದ.

ಮಧ್ಯಾಹ್ನ ಹಗ್ಗದ ಮೇಲೆ ಮೂವತ್ತನಾಲ್ಕು ಅಂಗಿ ತೂಗುತ್ತಿದ್ದವು. ಸುಳಿಯಿಲ್ಲ, ಚಕ್ರವಿಲ್ಲ, ಯಾರೋ ಜ್ಯೂಸು ಚೆಲ್ಲಿ ಒರೆಸಿದಂತೆ ಪೇಲವ ಕಲೆಗಳು. ಸೊಸೆ ಚಿತ್ರದ ಕಾಗದದ ಹಿಂಬದಿಯಿಂದ ಒಂದು ಸಾಲು ಗಟ್ಟಿಯಾಗಿ ಓದಿದಳು: “ಬಟ್ಟೆ ಅಪ್ಪಟ ಹತ್ತಿಯದಲ್ಲದಿದ್ದರೆ ಬಣ್ಣ ನಿಲ್ಲುವುದಿಲ್ಲ.” ಮತ್ತೊಮ್ಮೆ ಓದಿದಳು. ಆಮೇಲೆ ಗುಂಡಿ ಅಕ್ಕನಿಗೆ ಹೇಳಿಕಳಿಸಿದಳು.

“ಏನು ತಂಗಿ, ಕರೆದ್ಯಂತೆ?” ಎನ್ನುತ್ತ ಬಂದವಳು ಹಗ್ಗ ನೋಡಿ ತುಟಿಯ ಗುಂಡಿ ತೆಗೆದು ಜೇಬಿಗೆ ಹಾಕಿಕೊಂಡಳು. “ಇದೇನು, ಹೀಗಾಗಿವೆ?”

“ನೀವೇ ಹೇಳಬೇಕು ಅಕ್ಕ. ಬಟ್ಟೆ ಕಾಟನ್ನೇನಾ?”

“ಇದೆಂಥಾ ಪ್ರಶ್ನೆ! ಮಗುವಿನ ತಾಯೀನ ಹಿಡಿದು ಇದು ನಿನ್ನದೇನಾ ಅಂತ ಕೇಳಿದ ಹಾಗೆ.”

“ಹಾಸ್ಯ ಬೇಡ. ಬಣ್ಣ ಒಂಚೂರೂ ಹಿಡಿದಿಲ್ಲ. ಬಟ್ಟೇಲಿ ಬೆರಕೆ ಇದ್ರೆ ಹೀಗಾಗುತ್ತೆ ಅಂತ ಇಲ್ಲಿ ಬರೆದಿದ್ದಾರೆ.”

ಗುಂಡಿ ಅಕ್ಕ ಹಗ್ಗದ ಹತ್ತಿರ ಹೋದಳು. ಒಂದು ಅಂಗಿಯ ಒಳಮಡಿಕೆಯಿಂದ ಬಟ್ಟೆಯ ಎಳೆಯೊಂದನ್ನು ಎಳೆದು, ಬೆಂಕಿಕಡ್ಡಿ ಗೀರಿ ತಾಗಿಸಿದಳು. ಎಳೆ ಕಾಗದದಂತೆ ಉರಿದು ಬೂದಿಯಾಯಿತು. “ಪಾಲಿಸ್ಟರ್ ಆಗಿದ್ರೆ ಕರಗಿ ಉಂಡೆ ಕಟ್ತಿತ್ತು. ಮೂಸಿ ನೋಡು.”

“ಒಂದು ಸರಿ ಇದ್ರೆ ಎಲ್ಲಾ ಸರೀನಾ? ಎರಡು ತಾನು ತಂದೆ ಅಂದ್ರಿ.” ಸೊಸೆಯ ಧ್ವನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಮುದುಕನ ಕಡೆ ತಿರುಗಿದಳು. “ಮಾವ, ನೀವೇ ಹೇಳಿ. ಈ ಬೀದೀಲಿ ನಿಮಗಿಂತ ಬಲ್ಲವರು ಯಾರಿದ್ದಾರೆ? ಬೆರಕೆ ಇದೆಯಾ ಇಲ್ವಾ?”

ಇಬ್ಬರು ಹೆಂಗಸರೂ ಅವನನ್ನೇ ನೋಡುತ್ತಿದ್ದರು. ಆ ಬಟ್ಟೆಯನ್ನು ಮುಟ್ಟಬೇಕಾದ್ದೇ ಇರಲಿಲ್ಲ, ಅದು ಹತ್ತಿಯೆಂದು ಹತ್ತು ಹೆಜ್ಜೆ ದೂರದಿಂದಲೇ ಅವನಿಗೆ ಗೊತ್ತಿತ್ತು. ಆದರೂ ಮುಟ್ಟಿದ. ತಿಕ್ಕಿ ನೋಡಿದ. ‘ನಮ್ಮ ಮಾವ ಇದ್ದಾರಲ್ಲ’ ಎಂದ ಆ ಧ್ವನಿ ಕಿವಿಯಲ್ಲಿ ಕೇಳುತ್ತಿತ್ತು. ಬಾಯಿಂದ ಬಂದದ್ದು ಬೇರೆ.

“ಬೆರಕೆ... ಇದ್ದರೂ ಇರಬಹುದು.”

ಗುಂಡಿ ಅಕ್ಕ ಅವನ ಕಡೆ ತಿರುಗಿದಳು. “ಬಣ್ಣದಜ್ಜ, ನೀವು ಹೇಳ್ತೀರಾ ಈ ಮಾತು?” ಎಂದಳು. ಮುದುಕ ಹಗ್ಗದ ಅಂಗಿಯ ಸುಕ್ಕು ಎಳೆಯತೊಡಗಿದ. ಅವಳು ಉರಿದ ಕಡ್ಡಿಯನ್ನು ನೆಲದ ಮೇಲೆ ಬಿಸಾಡದೆ ಮುಷ್ಟಿಯಲ್ಲೇ ಹಿಡಿದುಕೊಂಡು ಹೋದಳು.

ಮಾತಿಗೆ ಕಾಲು ಬೇಗ ಬರುತ್ತದೆ. ಸೋಮವಾರ ಅಂಗಿ ಏಕೆ ಬರಲಿಲ್ಲ ಎಂದು ದೊಡ್ಡ ಟೀಚರ್ ಕೇಳಿದರು. ಸೊಸೆ ಇದ್ದದ್ದನ್ನು ಹೇಳಿದಳು, ಮಾವ ಹೇಳಿದ್ದನ್ನೂ ಹೇಳಿದಳು. ಮಧ್ಯಾಹ್ನದ ಬಿಡುವಿನಲ್ಲಿ ಟೀಚರ್ ತಾವೇ ದರ್ಜಿಯ ಅಂಗಡಿಗೆ ಹೋಗಿ ಶಾಲೆಯ ಅಳತೆ ಪುಸ್ತಕ ಕೇಳಿ ಪಡೆದರು. ಹದಿನಾಲ್ಕು ವರ್ಷದಿಂದ ಬಂದುಹೋದ ಒಂದೊಂದು ಮಗುವಿನ ತೋಳು, ಎದೆ, ಉದ್ದ ಅದರಲ್ಲಿತ್ತು. ಅದು ಯಾರ ಕೈಯಲ್ಲಿದೆಯೋ ಶಾಲೆಯ ಹೊಲಿಗೆ ಅವರದು. ಗುಂಡಿ ಅಕ್ಕ ಎರಡು ಕೈಯಲ್ಲಿ ಎತ್ತಿಕೊಟ್ಟಳಂತೆ.

ಮಂಗಳವಾರ ಬ್ರೆಡ್ಡಿಗೆಂದು ಹೊರಟ ಮುದುಕ ಆ ಅಂಗಡಿಯ ಎದುರು ಬಂದಾಗ, ಬೇಕರಿಯವನ ಹೆಂಡತಿ ಒಳಗೆ ನಿಂತಿದ್ದಳು. “ಪರದೆ ಬಟ್ಟೆ ಅರ್ಜೆಂಟಿಲ್ಲ ಅಕ್ಕ, ಸದ್ಯ ಕೊಡಿ, ಆಮೇಲೆ ತಂದುಕೊಡ್ತೀನಿ” ಎನ್ನುತ್ತಿದ್ದಳು. ಗುಂಡಿ ಅಕ್ಕ ಮಡಿಕೆ ಕೆಡದ ಬಟ್ಟೆಯನ್ನು ಕೊಟ್ಟಳು. “ಅಳೆದು ನೋಡ್ಕೋ ತಾಯಿ. ಬೆರಕೆ ದರ್ಜಿ, ಕತ್ತರಿಸಿ ಇಟ್ಕೊಂಡಿದ್ರೂ ಇಟ್ಕೊಂಡಿರಬಹುದು” ಎಂದಳು. ಬೇಕರಿಯವಳು ನಕ್ಕಳು, ಆಮೇಲೆ ನಗಬಾರದಿತ್ತು ಎಂದು ತಿಳಿದು ಬಾಯಿ ಮುಚ್ಚಿದಳು. ಅಂಗಡಿಯ ಮಿಷನ್ನಿಗೆ ಬಟ್ಟೆ ಹೊದಿಸಿತ್ತು. ಹಗಲು ಹೊತ್ತಿನಲ್ಲಿ ಅದಕ್ಕೆ ಹೊದಿಕೆ ಇದ್ದದ್ದನ್ನು ಬಣ್ಣದಜ್ಜ ಎಂದೂ ನೋಡಿರಲಿಲ್ಲ.

ಮನೆಗೆ ಬಂದು ಪ್ರಾರ್ಥನೆಗೆ ಕೂತ. ಎಪ್ಪತ್ತು ವರ್ಷ ನಾಲಿಗೆಯ ಮೇಲೆ ಹರಿದ ಸಾಲುಗಳು. ಎರಡನೆಯ ಸಾಲಿಗೆ ಬಂದು ನಿಂತವು. ಮತ್ತೆ ಮೊದಲಿಂದ ಹಿಡಿದ. ಮತ್ತೆ ಅಲ್ಲೇ ನಿಂತವು. ದೇವರು ಎದುರು ಕೂತವರ ಬಾಯಿ ಕಟ್ಟುವುದಿಲ್ಲ. ಕಟ್ಟಿಕೊಂಡವನಿಗೆ ತಾನೇ ಕಟ್ಟಿಕೊಂಡದ್ದು ಎಂದು ತಿಳಿಯುವ ತನಕ ಕಾಯುತ್ತಾನೆ, ಅಷ್ಟೆ. ಮುದುಕ ಎದ್ದು ಕನ್ನಡಕ ಹುಡುಕಿದ.

ಸೊಸೆ ಹೆಚ್ಚಿಗೆ ಇರಲಿ ಎಂದು ತಂದ ಡಬ್ಬಿಯೊಂದು ಕಪಾಟಿನಲ್ಲಿ ಉಳಿದಿತ್ತು. ಸೊಸೆ ಮನೆಯಲ್ಲಿರಲಿಲ್ಲ, ಹೊಸ ಬಟ್ಟೆಗೆಂದು ಅಂಗಡಿ ಅಂಗಡಿ ಅಲೆಯುತ್ತಿದ್ದಳು. ಮುದುಕ ಚಿತ್ರದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲಕ್ಷರದಿಂದ ಓದಿದ. ತಣ್ಣೀರು ಮಾತ್ರ. ಸೋಡಾ ಪುಡಿಯನ್ನು ಬಾಟಲಿಗೆ ಹಾಕಕೂಡದು. ಕಲಸಿದ ಬಣ್ಣವನ್ನು ತಡಮಾಡದೆ ಬಳಸಿ. ಹತ್ತು ವರ್ಷದ ಮಕ್ಕಳಿಗೆ ಅರ್ಥವಾಗುವಂತೆ ಬರೆದಿದ್ದರು, ಪ್ರತಿ ಸಾಲಿನ ಪಕ್ಕ ಒಂದು ನಗುವ ಬಕೆಟ್ಟಿನ ಚಿತ್ರ.

ಪೇಲವ ಅಂಗಿಗಳಲ್ಲಿ ಒಂದನ್ನು ತೆಗೆದುಕೊಂಡ. ಸೋಡಾ ನೀರಿನಲ್ಲಿ ನೆನೆಸಿ, ಹಿಂಡಿ, ನಡುವಿನಲ್ಲಿ ಹಿಡಿದು ತಿರುಚಿ, ಚಕ್ಕುಲಿಯಂತೆ ಸುತ್ತಿ, ರಬ್ಬರ್ ಬ್ಯಾಂಡು ಹಾಕಿದ. ಕೊರೆಯುವ ನಲ್ಲಿ ನೀರಿನಲ್ಲೇ ಬಣ್ಣ ಕಲಸಿ ಆಗಿಂದಾಗಲೇ ಬಿಟ್ಟ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತನ್ನ ಮಂಚದ ಕೆಳಗೆ ಇಟ್ಟ. ಹಿಡಿಯದಿದ್ದರೆ ಸಾಕು ಎಂದು ಮನಸ್ಸಿನ ಒಂದು ಮೂಲೆ ಬೇಡಿಕೊಳ್ಳುತ್ತಿತ್ತು. ಹಾಗೆ ಬೇಡುತ್ತಿದ್ದೇನೆಂದು ಗೊತ್ತಾದಾಗ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಬುಧವಾರ ಬೆಳಿಗ್ಗೆ ತೊಳೆದ. ಮೊದಲ ಬಕೆಟ್ಟು ಕೆಂಪು, ಎರಡನೆಯದು ಗುಲಾಬಿ, ನಾಲ್ಕನೆಯದು ತಿಳಿ. ಐದನೆಯದರಲ್ಲಿ ತನ್ನ ಮುಖ ಕಾಣುವಷ್ಟು ಸ್ವಚ್ಛ ನೀರು. ಅಂಗಿ ಬಿಡಿಸಿದ. ಎದೆಯ ನಟ್ಟನಡುವಿನಿಂದ ಕೆಂಪು, ಹಳದಿ, ನೀಲಿ ಸುಳಿ ಬಿಚ್ಚಿಕೊಂಡಿತು, ಕಣ್ಣು ಕೋರೈಸುವಷ್ಟು. ಹಗ್ಗದ ಮೇಲೆ ಆ ಮೂವತ್ತಮೂರರ ನಡುವೆ ಹಾಕಿ, ಕೆಳಗೆ ಮಣೆಯ ಮೇಲೆ ಕೂತ. ಬಚ್ಚಿಡಬೇಕೆಂದು ಕೈಯೂ ಹೇಳಲಿಲ್ಲ, ಕಾಲೂ ಹೇಳಲಿಲ್ಲ.

ಹಿತ್ತಲಿಗೆ ಬಂದ ಸೊಸೆ ಅದನ್ನು ಕಂಡು ನಿಂತಳು. “ಇದು ಎಲ್ಲಿಂದ ಬಂತು?”

“ಅವೇ ಅಂಗಿ. ಇನ್ನೊಂದು ಸಲ ಹಾಕಿದೆ.”

“ಅವೇನಾ? ಹಾಗಿದ್ರೆ ಇದಕ್ಕೆ ಹೇಗೆ ಹಿಡೀತು?” ಹತ್ತಿರ ಹೋಗಿ ಮುಟ್ಟಿದಳು. “ಇದೊಂದು ಮಾತ್ರ ಒಳ್ಳೇ ತಾನಿಂದು ಇರಬೇಕು, ಅಲ್ವಾ ಮಾವ?”

ತಪ್ಪಿಸಿಕೊಳ್ಳಲು ಅವಳೇ ಬಾಗಿಲು ತೆರೆದು ಹಿಡಿದಿದ್ದಳು. ಹೂಂ ಎಂದರೆ ಸಾಕಿತ್ತು, ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

“ಇಲ್ಲ ತಾಯಿ. ಮೂವತ್ನಾಲ್ಕೂ ಒಳ್ಳೇ ಬಟ್ಟೇನೇ. ಕೆಡಿಸಿದ್ದು ನಾನು. ಬಾಟಲಿಗೆ ಕುದಿಯೋ ನೀರು ಹಾಕಿದೆ, ಸೋಡಾನೂ ಹಾಕಿದೆ. ನೀನು ಬರೋ ಹೊತ್ತಿಗೆ ಆ ಬಣ್ಣ ಸತ್ತಿತ್ತು. ಭಾನುವಾರ ಮೂರನೇ ಬಕೆಟ್ಟಿಗೇ ನನಗೆ ಗೊತ್ತಾಯ್ತು.”

“ಭಾನುವಾರ?” ಸೊಸೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಬಿಳಿಚಿತು. “ಅಂದ್ರೆ, ಅಕ್ಕ ಇಲ್ಲಿ ನಿಂತು ಕಡ್ಡಿ ಗೀರಿದಾಗ...”

“ಗೊತ್ತಿತ್ತು.”

“ಗೊತ್ತಿದ್ದೂ ಬೆರಕೆ ಇರಬಹುದು ಅಂದ್ರಿ! ಆ ಮಾತು ಇಟ್ಕೊಂಡು ನಾನು ಶಾಲೆವರೆಗೂ ಹೋದೆ ಮಾವ. ನಮ್ಮ ಮಾವನೇ ಹೇಳಿದ್ದಾರೆ ಅಂತ ಹೇಳ್ದೆ. ಅವರ ಅನ್ನ ಕಿತ್ತೆ ನಾನು!” ಅಳು ಬಂತು ಅವಳಿಗೆ, ಸಿಟ್ಟೂ ಬಂತು. “ಕೆಟ್ಟುಹೋಯ್ತು ಕಣಮ್ಮ ಅಂತ ಒಂದು ಮಾತು ಅಂದಿದ್ರೆ ನಾನೇನು ನಿಮ್ಮನ್ನ ನುಂಗ್ತಿದ್ನಾ?”

“ನುಂಗ್ತಿರಲಿಲ್ಲ. ಮತ್ತೆ ಮೂಲೇಲಿ ಕೂರಿಸ್ತೀಯ ಅಂದ್ಕೊಂಡೆ.”

ಸೊಸೆ ಕಣ್ಣೊರೆಸಿಕೊಂಡಳು. ಹಗ್ಗದಿಂದ ಆ ಸುಳಿಯ ಅಂಗಿಯನ್ನೂ ಪೇಲವ ಅಂಗಿಯೊಂದನ್ನೂ ಇಳಿಸಿ ಚೀಲಕ್ಕೆ ಹಾಕಿದಳು. ಆಮೇಲೆ ಚಪ್ಪಲಿ ಮೆಟ್ಟಿದಳು. “ಏಳಿ. ಇಬ್ರೂ ಹೋಗೋಣ.”

ಅಂಗಡಿಯಲ್ಲಿ ಗುಂಡಿ ಅಕ್ಕ ಬೆರಳಿನಲ್ಲಿ ಹಳೆಯ ಗುಂಡಿಗಳನ್ನು ಬಣ್ಣ ಬಣ್ಣಕ್ಕೆ ವಿಂಗಡಿಸುತ್ತಿದ್ದಳು. ಮುದುಕ ಬಾಗಿಲಲ್ಲೇ ನಿಂತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಸೊಸೆ ಅವನ ಹಿಂದೆ ತಲೆ ತಗ್ಗಿಸಿದ್ದಳು. ಕೇಳಿ ಮುಗಿದ ಮೇಲೂ ಗುಂಡಿ ಅಕ್ಕನ ಬೆರಳು ಓಡುತ್ತಲೇ ಇತ್ತು.

“ನನ್ನ ಬಟ್ಟೇಲಿ ಬೆರಕೆ ಇಲ್ಲ ಅಂತ ನನಗೇ ಬಂದು ಹೇಳ್ತಿದ್ದೀರಲ್ಲ ಅಜ್ಜ,” ಎಂದಳು ಕೊನೆಗೆ. “ಅದು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದವರು ಬೇರೆ ಕಡೆ ಇದ್ದಾರೆ.”

“ಅಕ್ಕ, ನಾನು ಕೂಡ...” ಎಂದು ಸೊಸೆ ಶುರು ಮಾಡಿದಳು.

“ನಿಂದು ಆಮೇಲೆ ನೋಡೋಣ ತಂಗಿ. ಇವತ್ತು ನನಗೆ ಮಾತಾಡೋ ಶಕ್ತಿ ಇಲ್ಲ.”

ಮಾವ, ಸೊಸೆ ಶಾಲೆಗೆ ನಡೆದೇ ಹೋದರು. ದಾರಿಯಲ್ಲಿ ಬೇಕರಿ ಸಿಕ್ಕಿತು. ಮುದುಕ ನಿಂತು, ಸಾಲಿನಲ್ಲಿ ನಾಲ್ಕಾರು ಜನ ಇರುವಾಗಲೇ, ಬೇಕರಿಯವನ ಹೆಂಡತಿಗೆ ಅದನ್ನೇ ಹೇಳಿದ. ಅವಳು ಬ್ರೆಡ್ಡು ಕೊಯ್ಯುವ ಚಾಕು ಹಿಡಿದು ಹಾಗೇ ನೋಡಿದಳು. ಸಾಲಿನಲ್ಲಿದ್ದವನೊಬ್ಬ, “ಅಜ್ಜನಿಗೆ ವಯಸ್ಸಾಯ್ತು ಬಿಡ್ರಿ” ಎಂದ. “ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ನಾನು ಸುಳ್ಳು ಹೇಳಿದೆ” ಎಂದ ಬಣ್ಣದಜ್ಜ. ಆ ನೆಪವನ್ನೂ ಇಟ್ಟುಕೊಳ್ಳಲಿಲ್ಲ.

ದೊಡ್ಡ ಟೀಚರ್ ತಮ್ಮ ಕೋಣೆಯಲ್ಲಿ ಕನ್ನಡಕದ ಮೇಲಿನಿಂದ ನೋಡುತ್ತ ಪೂರ್ತಿ ಕೇಳಿದರು. ಸೊಸೆ ಚೀಲದಿಂದ ಆ ಒಂದು ಅಂಗಿಯನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಪಕ್ಕದಲ್ಲಿ ಪೇಲವ ಅಂಗಿಯೊಂದನ್ನೂ ಇಟ್ಟಳು. ಟೀಚರ್ ಎರಡನ್ನೂ ಮುಟ್ಟಿದರು.

“ನಾನೂ ಒಂದು ಸಲ ಆಕೆಯನ್ನ ಕೇಳಬಹುದಿತ್ತು” ಎಂದರು. “ಕೇಳಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಂದು ಗುಂಡಿ ಕಿತ್ತು ಬಂದದ್ದಿಲ್ಲ.” ಅಂಗಿಗಳನ್ನು ಮಡಚುತ್ತ ಕೇಳಿದರು, “ಮಿಕ್ಕ ಅಂಗಿಗಳು?”

“ಶನಿವಾರಕ್ಕೆ ಕೊಡ್ತೀನಿ ಮೇಡಂ. ಡಬ್ಬಿ ಹೊಸದಾಗಿ ತರ್ತೀನಿ. ಈ ಸಲ ಕಾಗದ ಓದಿಕೊಂಡು ಹಾಕ್ತೀವಿ.” ಹೇಳುವಾಗ ಸೊಸೆ ಮಾವನ ಕಡೆ ನೋಡಲಿಲ್ಲ. ಆದರೆ ‘ಹಾಕ್ತೀವಿ’ ಎಂದಿದ್ದಳು. ಮುದುಕ ಅದನ್ನು ಗಮನಿಸಿದ, ಗಮನಿಸಿದ್ದಕ್ಕೆ ನಾಚಿದ.

ಟೀಚರ್ ಕಪಾಟು ತೆರೆದು ಅಳತೆ ಪುಸ್ತಕ ಹೊರತೆಗೆದರು. “ಹೊಸ ದರ್ಜಿಗೆ ನಾಳೆ ಬಾ ಅಂದಿದ್ದೆ. ಬೇಡ ಅಂತ ಹೇಳಿಕಳಿಸ್ತೀನಿ. ಇದನ್ನ ನಾನು ಕೊಡಲಾ?”

“ನಾನು ಕೊಡ್ತೀನಿ” ಎಂದ ಮುದುಕ.

ಸೊಸೆ ಡಬ್ಬಿ ತರಲು ಆ ಕಡೆ ಹೋದಳು. ಅವನೊಬ್ಬನೇ ಮರಳಿ ಬಂದ. ಪುಸ್ತಕ ತೂಕದ್ದು, ಮೂಲೆಗಳು ಸವೆದು ಬಟ್ಟೆಯಂತೆ ಮೆತ್ತಗಾಗಿದ್ದವು. ಗುಂಡಿ ಅಕ್ಕ ಬೀದಿಗೆ ಬೆನ್ನು ಮಾಡಿ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಹೆಜ್ಜೆಯ ಸದ್ದಿಗೆ ತಿರುಗಲಿಲ್ಲ. ಮುದುಕ ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ಹೇಳಲಿಲ್ಲ. ಪುಸ್ತಕವನ್ನು ಮಿಷನ್ನಿನ ಪಕ್ಕ, ಅವಳ ಕೈಗೆ ಎಟುಕುವಲ್ಲಿ, ಎರಡೂ ಕೈಯಲ್ಲಿ ಇಟ್ಟು ಹಿಂದೆ ಸರಿದ.

ಗುಂಡಿ ಅಕ್ಕ ನೋಡಿದಳು. ಎಣ್ಣೆಯ ಕೈಯನ್ನು ಸೊಂಟದ ಬಟ್ಟೆಗೆ ಒಂದು ಸಲ, ಮತ್ತೊಂದು ಸಲ ಒರೆಸಿಕೊಂಡು, ಪುಸ್ತಕವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.